ಕೂಟಶಾಸನವೆಂದು ಕೂಗಿದರೆ ಸಾಕೇ?

2024ರ ನವೆಂಬರ್ 23, ಶನಿವಾರ. ಹಾಸ್ಟೆಲ್ ಮೆಸ್ಸಿನಲ್ಲಿ ನಾವು ಊಟಕ್ಕೆ ಕೂರುವ ಹೊತ್ತಿಗೆ ಮಹಾರಾಷ್ಟ್ರದ ಫಲಿತಾಂಶ ಹೆಚ್ಚುಕಡಿಮೆ ಗೊತ್ತಾಗಿತ್ತು. ಮೇಜಿನ ಸುತ್ತ ಆರು ಜನ ಇದ್ದೆವು. ಐವರು ಒಂದೇ ಮಾತು ಹೇಳಿದೆವು: ‘ಕದ್ದರು.’ ಆರನೆಯವನು ಅಕ್ಕಲಕೋಟೆ ಕಡೆಯ ಗೆಳೆಯ. ಮನೆಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ, ಮತ ಇರುವುದು ಸೋಲಾಪುರ ಜಿಲ್ಲೆಯಲ್ಲಿ. ನಮ್ಮ ಪೈಕಿ ಆ ಚುನಾವಣೆಯಲ್ಲಿ ಮತ ಹಾಕಿದವನು ಅವನೊಬ್ಬನೇ. ಅವನು ಮಾತ್ರ ಸುಮ್ಮನೆ ಅನ್ನ ಕಲಸುತ್ತಿದ್ದ. ಕೊನೆಗೆ ಕೇಳಿದ:

“ಆತಪಾ, ಕದ್ದಾರ. ಮುಂದೇನು ಮಾಡೂದು? ನಮ್ಮವ್ವ ಫೋನ್ ಮಾಡಿದ್ಲು. ಇನ್ನ ಮ್ಯಾಲ ಓಟ್ ಹಾಕ್ಬೇಕೋ ಬ್ಯಾಡೋ ಅಂತ ಕೇಳಾಕತ್ತಾಳ. ಏನ್ ಹೇಳ್ಲಿ ಆಕೀಗೆ?”

ಐವರಲ್ಲಿ ಒಬ್ಬರ ಬಳಿಯೂ ಉತ್ತರ ಇರಲಿಲ್ಲ. ಅದರ ಬದಲು ನಾನು ಮಾಡಿದ ಕೆಲಸ ಹೇಳುತ್ತೇನೆ. ಕೆಲವೇ ದಿನಗಳಲ್ಲಿ ಒಂದು ಲೆಕ್ಕ ಹರಿದಾಡತೊಡಗಿತು. ಚಲಾವಣೆಯಾದ ಮತಗಳು 6,40,88,195. ಎಣಿಸಿದ ಮತಗಳು 6,45,92,508. ಐದು ಲಕ್ಷಕ್ಕೂ ಹೆಚ್ಚು ಮತ ಎಲ್ಲಿಂದ ಬಂದವು? ಅದನ್ನು ನಾನು ಹದಿನೈದು ಗುಂಪುಗಳಿಗೆ ಕಳಿಸಿದೆ. ಆಮೇಲೆ ಆಯೋಗದ ವಿವರಣೆ ಬಂತು. ಮೊದಲ ಅಂಕಿಯಲ್ಲಿ ಯಂತ್ರದ ಮತಗಳು ಮಾತ್ರ ಇದ್ದವು, ಎರಡನೆಯದರಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಂಚೆ ಮತಗಳೂ ಸೇರಿದ್ದವು. ಕೂಡಿ ಕಳೆದು ನೋಡಿದೆ. ವಿವರಣೆ ಸರಿ ಇತ್ತು. ಅದನ್ನು ಎಷ್ಟು ಗುಂಪುಗಳಿಗೆ ಕಳಿಸಿದೆ ಎಂದು ಕೇಳಬೇಡಿ. ಒಂದಕ್ಕೂ ಕಳಿಸಲಿಲ್ಲ.

ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು. ಹಾಗೆಂದು ‘ಎಲ್ಲವೂ ಸರಿಯಾಗಿದೆ, ಸೋತವರು ಅಳುತ್ತಿದ್ದಾರೆ’ ಎನ್ನುವವರ ಪರವಾಗಿ ಬರೆಯುತ್ತಿಲ್ಲ. ಅವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಅದಕ್ಕೂ ಬರುತ್ತೇನೆ.

ನಾನು ಸಂಶೋಧನೆ ಮಾಡುತ್ತಿರುವುದು ತಾಮ್ರಪಟಗಳ ಮೇಲೆ. ಶಾಸನಶಾಸ್ತ್ರದಲ್ಲಿ ‘ಕೂಟಶಾಸನ’ ಎಂಬ ಮಾತಿದೆ. ನಕಲಿ ಶಾಸನ ಎಂದರ್ಥ. ಭೂಮಿಯ ಹಕ್ಕು ಸಾಧಿಸಲು ಯಾವನೋ ಒಬ್ಬ ಹಳೆಯ ರಾಜನ ಹೆಸರಿನಲ್ಲಿ ಹೊಸದಾಗಿ ಪಟ ಕೊರೆಸಿಬಿಡುತ್ತಾನೆ. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಹಲವು ಕೂಟವೆಂದು ಫ್ಲೀಟ್ ವಾದಿಸಿದ. ಅವನ್ನು ನಂಬಿ ಗಂಗರ ಚರಿತ್ರೆ ಕಟ್ಟಿದ ರೈಸ್ ಒಪ್ಪಲಿಲ್ಲ. ಆ ಜಗಳ ವರ್ಷಗಟ್ಟಲೆ ನಡೆಯಿತು. ಫ್ಲೀಟ್ ಅನುಮಾನಿಸಿದ ಕೆಲವನ್ನು ನಂತರದ ವಿದ್ವಾಂಸರು ಒಪ್ಪಿಕೊಂಡರು, ಕೆಲವು ಕೂಟವಾಗಿಯೇ ಉಳಿದವು. ಆದರೆ ಫ್ಲೀಟ್ ಬರೀ ‘ಕೂಟ’ ಎಂದು ಕೂಗಿ ಎದ್ದು ಹೋಗಲಿಲ್ಲ. ಈ ಪಟದ ಲಿಪಿ ಅದು ಹೇಳುವ ಕಾಲದ್ದಲ್ಲ, ಈ ತಿಥಿಗೂ ವಾರಕ್ಕೂ ತಾಳೆಯಾಗುವುದಿಲ್ಲ, ಈ ವಂಶಾವಳಿ ಇನ್ನೊಂದರ ಜತೆ ಹೊಂದುವುದಿಲ್ಲ ಎಂದು ಪಟಪಟಕ್ಕೂ ಬೇರೆಬೇರೆಯಾಗಿ ತೋರಿಸಿದ. ಹಾಗೆ ತೋರಿಸಿದ್ದರಿಂದಲೇ ಅವನು ತಪ್ಪಿದ್ದಲ್ಲಿ ತಪ್ಪಿದ ಎಂದು ಹೇಳಲು ನಂತರದವರಿಗೆ ಸಾಧ್ಯವಾಯಿತು.

ನನ್ನ ಗೈಡ್ ಮೊದಲ ದಿನವೇ ಎರಡು ಸೂತ್ರ ಹೇಳಿದ್ದರು. ಕೂಟ ಎನ್ನುವವನು ಯಾವ ಸಾಲಿನಲ್ಲಿ, ಯಾಕೆ ಎಂದು ಹೇಳಬೇಕು. ಅಸಲಿ ಎನ್ನುವವನು ಪಟವನ್ನು ತೋರಿಸಬೇಕು; ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ‘ನಂಬಿರಿ’ ಎನ್ನುವಂತಿಲ್ಲ. ಮಹಾರಾಷ್ಟ್ರದ ವಿಷಯದಲ್ಲಿ ಈ ಎರಡೂ ಸೂತ್ರಗಳು ಮುರಿದು ಬಿದ್ದಿವೆ. ಒಂದನ್ನು ಆಯೋಗ ಮುರಿಯಿತು, ಇನ್ನೊಂದನ್ನು ಸೋತ ಪಕ್ಷಗಳು.

ಮೊದಲು ಅನುಮಾನಕ್ಕೆ ಕಾರಣವಿತ್ತೇ ಎಂದು ನೋಡೋಣ. ಖಂಡಿತ ಇತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಮಹಾವಿಕಾಸ ಅಘಾಡಿ ರಾಜ್ಯದ 48ರಲ್ಲಿ 30 ಸ್ಥಾನ ಗೆದ್ದಿತ್ತು. ಆರು ತಿಂಗಳಲ್ಲಿ ಅದೇ ಕೂಟ ವಿಧಾನಸಭೆಯ 288ರಲ್ಲಿ 46ಕ್ಕೆ ಇಳಿಯಿತು; ಮಹಾಯುತಿ 230 ತಲುಪಿತು, ಬಿಜೆಪಿಯೊಂದೇ 132. ಈ ಎರಡು ಚುನಾವಣೆಗಳ ನಡುವೆ ಮತದಾರರ ಪಟ್ಟಿ ಸುಮಾರು ನಲವತ್ತು ಲಕ್ಷ ಹೆಸರುಗಳಷ್ಟು ಬೆಳೆಯಿತು. ಮತದಾನದ ದಿನ ಸಂಜೆ ಐದಕ್ಕೆ 58.22 ಶೇಕಡಾ ಎಂದಿದ್ದ ಪ್ರಮಾಣ ಕೊನೆಗೆ 66.05 ಆಯಿತು. ಇವುಗಳಲ್ಲಿ ಯಾವುದೂ ತಾನಾಗಿಯೇ ಕಳ್ಳತನಕ್ಕೆ ಪುರಾವೆಯಲ್ಲ. ಲಾಡಕಿ ಬಹೀಣ್ ಯೋಜನೆಯ ಹಣ ಹೆಂಗಸರ ಖಾತೆಗೆ ಬಂದಿತ್ತು, ಜಾತಿಗಳ ಲೆಕ್ಕ ಬದಲಾಗಿತ್ತು, ಅಘಾಡಿಯೊಳಗೆ ಸೀಟು ಹಂಚಿಕೆಯ ಕಚ್ಚಾಟ ಕೊನೆಯ ದಿನದವರೆಗೂ ಇತ್ತು. ಆರು ತಿಂಗಳಲ್ಲಿ ಜನ ಮನಸ್ಸು ಬದಲಿಸಬಾರದು ಎಂಬ ಕಾನೂನೇನೂ ಇಲ್ಲ. ಐದು ಗಂಟೆಯ ಅಂಕಿ ಬಾಯಿಮಾತಿನ ವರದಿಗಳಿಂದ ಬರುವಂಥದ್ದು. ಆರು ಗಂಟೆಗೆ ಸಾಲಿನಲ್ಲಿ ನಿಂತವರಿಗೆಲ್ಲ ಮತ ಹಾಕುವ ಹಕ್ಕಿದೆ. ಆದರೂ ಇಷ್ಟೆಲ್ಲ ಒಟ್ಟಿಗೆ ಕಂಡಾಗ ಪ್ರಶ್ನೆ ಕೇಳದವನು ಪ್ರಜೆಯಲ್ಲ, ಪ್ರೇಕ್ಷಕ.

ಪ್ರಶ್ನೆ ಕೇಳಿದಾಗ ಆಯೋಗ ಏನು ಮಾಡಿತು? ಉತ್ತರ ಕೊಟ್ಟಿತು, ದಾಖಲೆ ಕೊಡಲಿಲ್ಲ. ಡಿಸೆಂಬರ್ 2024ರಲ್ಲಿ ಕಾಂಗ್ರೆಸ್ಸಿಗೆ ಉದ್ದನೆಯ ಉತ್ತರ ಬರೆದು, ಪಟ್ಟಿಯಲ್ಲಿ ಮನಬಂದಂತೆ ಸೇರ್ಪಡೆಯೂ ಆಗಿಲ್ಲ, ರದ್ದತಿಯೂ ಆಗಿಲ್ಲ ಎಂದಿತು. ಅದೇ ತಿಂಗಳ 20ರಂದು ಕೇಂದ್ರ ಸರ್ಕಾರ, ಆಯೋಗದ ಶಿಫಾರಸಿನ ಮೇರೆಗೆ, ಚುನಾವಣಾ ನಿರ್ವಹಣಾ ನಿಯಮಗಳ 93ನೇ ನಿಯಮಕ್ಕೆ ತಿದ್ದುಪಡಿ ತಂದಿತು. ಅದುವರೆಗೆ ‘ಚುನಾವಣೆಗೆ ಸಂಬಂಧಿಸಿದ ಇತರ ಎಲ್ಲ ಕಾಗದಪತ್ರ’ಗಳು ಸಾರ್ವಜನಿಕರ ಪರಿಶೀಲನೆಗೆ ಮುಕ್ತವಾಗಿದ್ದವು. ತಿದ್ದುಪಡಿಯ ನಂತರ ‘ಈ ನಿಯಮಗಳಲ್ಲಿ ಹೇಳಿರುವ’ ಕಾಗದಪತ್ರಗಳು ಮಾತ್ರ. ಮತಗಟ್ಟೆಯ ಸಿಸಿಟಿವಿ ದೃಶ್ಯ ನಿಯಮಗಳಲ್ಲಿ ಹೇಳಿಲ್ಲ, ಆದ್ದರಿಂದ ಅದು ಹೊರಗೆ. ಹರಿಯಾಣ ಚುನಾವಣೆಯ ದಾಖಲೆಗಳನ್ನು ಕೇಳಿದ ವಕೀಲರೊಬ್ಬರಿಗೆ ಕೊಡಿ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿ ಆಗ ಹನ್ನೊಂದು ದಿನ ಆಗಿತ್ತು. ಕೋರ್ಟು ಬಾಗಿಲು ತೆರೆ ಎಂದರೆ ಬಾಗಿಲನ್ನೇ ಗೋಡೆ ಮಾಡಿದ ಹಾಗೆ.

2025ರ ಮೇ ಕೊನೆಯಲ್ಲಿ ಇನ್ನೊಂದು ಸೂಚನೆ ಬಂತು. ತಕರಾರು ಅರ್ಜಿ ದಾಖಲಾಗದಿದ್ದರೆ ದೃಶ್ಯಗಳನ್ನು 45 ದಿನಗಳ ನಂತರ ಅಳಿಸಬಹುದು. ದೃಶ್ಯಗಳನ್ನು ಯಾಕೆ ಕೊಡುವುದಿಲ್ಲ ಎಂಬ ಪ್ರಶ್ನೆಗೆ ಆಗಸ್ಟ್‌ನಲ್ಲಿ ಮುಖ್ಯ ಚುನಾವಣಾ ಆಯುಕ್ತರು ಪತ್ರಿಕಾಗೋಷ್ಠಿಯಲ್ಲಿ ತಾಯಂದಿರು, ಸೊಸೆಯಂದಿರು, ಹೆಣ್ಣುಮಕ್ಕಳ ದೃಶ್ಯಗಳನ್ನು ಹಂಚಬೇಕೇ ಎಂದು ಮರುಪ್ರಶ್ನೆ ಹಾಕಿದರು. ನಮ್ಮ ತಾಯಂದಿರು ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತವರಲ್ಲ ಸ್ವಾಮಿ. ಬಿಸಿಲಲ್ಲಿ ಸಾಲಿನಲ್ಲಿ ನಿಂತು, ಹತ್ತಾರು ಜನರೆದುರು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವರು. ಅವರು ಯಾರಿಗೆ ಹಾಕಿದರು ಎಂಬುದು ಗುಟ್ಟು. ಅವರು ಬಂದರು ಎಂಬುದು ಗುಟ್ಟಲ್ಲ. ಅವರ ಮಾನದ ಹೆಸರಿನಲ್ಲಿ ಅವರ ಮತದ ಲೆಕ್ಕವನ್ನು ಮುಚ್ಚಿಡುವುದು ಯಾವ ಮರ್ಯಾದೆ?

ಮತಯಂತ್ರದ ಕತೆಯೂ ಹೀಗೆಯೇ. 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮತಪತ್ರಕ್ಕೆ ಮರಳುವ ಬೇಡಿಕೆಯನ್ನು ತಳ್ಳಿಹಾಕಿತು. ಆದರೆ ಎರಡನೇ ಮತ್ತು ಮೂರನೇ ಸ್ಥಾನ ಬಂದವರು ಏಳು ದಿನಗಳೊಳಗೆ ಕೇಳಿದರೆ ಕ್ಷೇತ್ರದ ಶೇಕಡಾ 5ರಷ್ಟು ಯಂತ್ರಗಳ ಮೆಮೊರಿಯನ್ನು ಎಂಜಿನಿಯರುಗಳು ಪರೀಕ್ಷಿಸಬೇಕು ಎಂದಿತು. ಆಯೋಗ ಒಂದು ಯಂತ್ರದ ಜೋಡಿಗೆ 40,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಎಂದು ದರ ನಿಗದಿ ಮಾಡಿತು. ಹಣ ಕಟ್ಟಿದವರಿಗೆ ಸಿಕ್ಕಿದ್ದು ಅಣಕು ಮತದಾನ. ಹಳೆಯ ಮತಗಳನ್ನು ಅಳಿಸಿ, ಹೊಸದಾಗಿ ಗುಂಡಿ ಒತ್ತಿ, ‘ನೋಡಿ, ಸರಿಯಾಗಿದೆ’ ಎನ್ನುವುದು. ನನ್ನ ಕ್ಷೇತ್ರದ ಭಾಷೆಯಲ್ಲಿ ಹೇಳುವುದಾದರೆ, ಪಟ ಅಸಲಿಯೇ ಎಂದು ಕೇಳಿದರೆ ಪಟ ಉಜ್ಜಿ ಸ್ವಚ್ಛ ಮಾಡಿ, ಉಳಿ ಚೆನ್ನಾಗಿ ಕೊರೆಯುತ್ತದೆ ಎಂದು ತೋರಿಸಿದಂತೆ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಮಧ್ಯೆ ಬಂದು ದತ್ತಾಂಶವನ್ನು ಅಳಿಸಬೇಡಿ ಎನ್ನಬೇಕಾಯಿತು.

ಇಂಥ ಆಯೋಗವನ್ನು ಆರಿಸುವವರು ಯಾರು ಎಂಬುದನ್ನೂ ನೆನಪಿಡಬೇಕು. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವತನಕ ಆಯ್ಕೆ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿ ಇರಬೇಕು ಎಂದಿತ್ತು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿ ಆ ಜಾಗದಲ್ಲಿ ಕೇಂದ್ರ ಸಚಿವರೊಬ್ಬರನ್ನು ಕೂರಿಸಿತು. ಪ್ರಧಾನಿ, ಅವರ ಸಚಿವರು, ವಿರೋಧ ಪಕ್ಷದ ನಾಯಕ. ಮೂರರಲ್ಲಿ ಎರಡು. ಪಂದ್ಯಕ್ಕೆ ಮೊದಲೇ ತೀರ್ಪುಗಾರನನ್ನು ಒಂದು ತಂಡ ಆರಿಸಿದರೆ, ಆ ತೀರ್ಪುಗಾರ ಎಷ್ಟೇ ಪ್ರಾಮಾಣಿಕನಾದರೂ ಅವನ ಪ್ರತಿ ತೀರ್ಪೂ ಅನುಮಾನಕ್ಕೆ ಗುರಿಯಾಗುತ್ತದೆ. ಅನುಮಾನ ಹುಟ್ಟಿಸಿದವರು ಆಮೇಲೆ ಅನುಮಾನಿಸಿದವರನ್ನು ದೇಶದ ಕ್ಷಮೆ ಕೇಳಿ ಎನ್ನುವುದು ಅಹಂಕಾರ.

ಇಷ್ಟಕ್ಕೆ ನಿಲ್ಲಿಸಿದರೆ ನನ್ನ ಗೆಳೆಯರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಸೋತ ಪಕ್ಷಗಳು ಒಂದು ವರ್ಷದಿಂದ ತಮ್ಮ ಕಾರ್ಯಕರ್ತರಿಗೆ ಒಂದು ಆಸೆ ತೋರಿಸುತ್ತಿವೆ: ಈ ಫಲಿತಾಂಶ ನಿಲ್ಲುವುದಿಲ್ಲ, ಇದು ಬೀಳುತ್ತದೆ. ಬಾಯಿ ಬಿಟ್ಟು ಹೀಗೆ ಹೇಳದಿದ್ದರೂ ಪ್ರತಿ ಭಾಷಣದ ಕೊನೆಗೆ ಅದೇ ಸದ್ದು. ಬೀಳುವುದು ಹೇಗೆ ಎಂದು ಲೆಕ್ಕ ಹಾಕಿ ನೋಡಿ. ಸಂವಿಧಾನದ 329(ಬಿ) ಪ್ರಕಾರ ಚುನಾವಣೆಯನ್ನು ಪ್ರಶ್ನಿಸಲು ಇರುವುದು ಚುನಾವಣಾ ತಕರಾರು ಅರ್ಜಿಯ ದಾರಿ ಮಾತ್ರ; 1952ರ ಪೊನ್ನುಸ್ವಾಮಿ ತೀರ್ಪಿನಿಂದ ಈ ಮಾತು ಬದಲಾಗಿಲ್ಲ. ‘ಮಹಾರಾಷ್ಟ್ರದ ಚುನಾವಣೆ’ ಎಂಬುದು ಆ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಇರುವುದು 288 ಬೇರೆಬೇರೆ ಚುನಾವಣೆಗಳು. ಒಂದೊಂದಕ್ಕೂ ಒಂದೊಂದು ಅರ್ಜಿ. ಫಲಿತಾಂಶ ಬಂದ 45 ದಿನಗಳೊಳಗೆ, ಅಂದರೆ 2025ರ ಜನವರಿ 7ರೊಳಗೆ, ಹೈಕೋರ್ಟಿನಲ್ಲಿ. ನಿಯಮ ಮುರಿದಿದೆ ಎಂದರೆ ಸಾಲದು, ಅದರಿಂದ ಆ ಕ್ಷೇತ್ರದ ಫಲಿತಾಂಶವೇ ಬದಲಾಯಿತು ಎಂದು ತೋರಿಸಬೇಕು. ಮಹಾಯುತಿಯನ್ನು ಬಹುಮತದ 145ರ ಕೆಳಗಿಳಿಸಬೇಕಾದರೆ ಇಂಥ 86 ಕ್ಷೇತ್ರಗಳನ್ನು ಗೆಲ್ಲಬೇಕು. ಎಂಬತ್ತಾರು!

ಸೋತವರಲ್ಲಿ ಕೆಲವರು ಬಾಂಬೆ ಹೈಕೋರ್ಟಿಗೆ ಹೋದರು, ನಿಜ. ಅದು ಅಲ್ಲಲ್ಲಿ ಅಭ್ಯರ್ಥಿಗಳ ಹೋರಾಟವಾಯಿತೇ ಹೊರತು ಪಕ್ಷದ ಹೋರಾಟ ಆಗಲಿಲ್ಲ. ಆರು ಗಂಟೆಯ ನಂತರದ ಮತಗಳ ಬಗ್ಗೆ ಇಡೀ ರಾಜ್ಯದ ಫಲಿತಾಂಶವನ್ನೇ ರದ್ದು ಮಾಡಿ ಎಂದು ಹೋದದ್ದು ಸೋತ ಅಭ್ಯರ್ಥಿಯಲ್ಲ, ಮುಂಬೈಯ ಒಬ್ಬ ಮತದಾರ. 2025ರ ಜೂನ್‌ನಲ್ಲಿ ಹೈಕೋರ್ಟ್ ಅದನ್ನು ವಜಾ ಮಾಡುತ್ತ ತನ್ನ ಇಡೀ ದಿನ ಹಾಳಾಯಿತು ಎಂದು ಗೊಣಗಿತು. ರಾಹುಲ್ ಗಾಂಧಿಯವರ ‘ಮ್ಯಾಚ್ ಫಿಕ್ಸಿಂಗ್’ ಲೇಖನ ಹಲವು ಪತ್ರಿಕೆಗಳಲ್ಲಿ ಬಂದದ್ದು ಅದೇ ಜೂನ್‌ನಲ್ಲಿ. ಜನವರಿ 7 ಮುಗಿದು ಐದು ತಿಂಗಳಾಗಿತ್ತು.

ಪಟ್ಟಿಯ ವಿಷಯಕ್ಕೆ ಬನ್ನಿ. ಆಯೋಗ ಹೇಳುವ ಪ್ರಕಾರ ಮಹಾರಾಷ್ಟ್ರದಲ್ಲಿ ಪಕ್ಷಗಳೆಲ್ಲ ಸೇರಿ ನೇಮಿಸಿದ್ದ ಬೂತ್ ಮಟ್ಟದ ಏಜೆಂಟರು ಒಂದು ಲಕ್ಷ ದಾಟಿದ್ದರು. ಅದರಲ್ಲಿ ಕಾಂಗ್ರೆಸ್ಸಿನವರು 27,099. ಪಟ್ಟಿ ಪರಿಷ್ಕರಣೆಯ ಹೊತ್ತಿಗೆ ಜಿಲ್ಲಾಧಿಕಾರಿಗಳ ಮುಂದೆ ಬಂದ ಮೇಲ್ಮನವಿಗಳು 89, ಅದರ ಮೇಲಿನ ಹಂತಕ್ಕೆ ಹೋದದ್ದು 1. ನಲವತ್ತು ಲಕ್ಷ ಹೆಸರು ಸೇರುತ್ತಿರುವಾಗ ಎಂಬತ್ತೊಂಬತ್ತು ಮೇಲ್ಮನವಿ! ಆಯೋಗದ ಅಂಕಿಯನ್ನು ನಂಬುವುದಿಲ್ಲ ಎನ್ನುತ್ತೀರಾ? ಹಾಗಾದರೆ ನಿಮ್ಮ ಅಂಕಿ ಕೊಡಿ. ನಮ್ಮ ಏಜೆಂಟರು ಇಷ್ಟು ಆಕ್ಷೇಪಣೆ ಸಲ್ಲಿಸಿದ್ದರು, ಇಷ್ಟನ್ನು ತಿರಸ್ಕರಿಸಿದರು, ಇಗೋ ಸ್ವೀಕೃತಿ ಚೀಟಿ ಎಂದು. ಅದು ಬರಲಿಲ್ಲ. ಚೀಟಿಯ ಬದಲು ಪರದೆಯ ಮೇಲೆ ಸ್ಲೈಡು ಬಂತು.

ನನ್ನ ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ನಮ್ಮ ಜಿಲ್ಲೆಯಲ್ಲಿ ಏಳೆಂಟು ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದಾರೆ. ಈ ಗಲಾಟೆಯ ನಡುವೆ ಅವರಿಗೆ ಫೋನ್ ಮಾಡಿ 17ಸಿ ನಮೂನೆಯ ಬಗ್ಗೆ ಕೇಳಿದೆ. ಮತದಾನ ಮುಗಿದ ಮೇಲೆ ಆ ಬೂತಿನ ಯಂತ್ರದಲ್ಲಿ ಒಟ್ಟು ಎಷ್ಟು ಮತ ಬಿದ್ದಿವೆ ಎಂದು ಮತಗಟ್ಟೆ ಅಧಿಕಾರಿ ಬರೆದು, ಅಲ್ಲಿರುವ ಪ್ರತಿ ಪಕ್ಷದ ಏಜೆಂಟನಿಗೂ ಒಂದು ಪ್ರತಿ ಕೊಡಬೇಕು. ಸಂಜೆ ಐದರ ಬಾಯಿಲೆಕ್ಕಕ್ಕೂ ರಾತ್ರಿಯ ಲೆಕ್ಕಕ್ಕೂ ನಡುವಿನ ಇಡೀ ಜಗಳವನ್ನು ಬಗೆಹರಿಸಬಲ್ಲ ಕಾಗದ ಇದೊಂದೇ. ಅಪ್ಪ ನಕ್ಕರು.

“ಸಹಿ ಮಾಡಿ ಕಾಪಿ ತಗೊಂಡು ಹೋಗ್ರಪಾ ಅಂದ್ರ, ‘ಸರ, ಬಸ್ ತಪ್ತೈತ್ರಿ’ ಅಂತಾರ. ಆರರಾಗ ಇಬ್ರು ಉಳದ್ರ ಹೆಚ್ಚು. ತಗೊಂಡವ್ರೂ ಅದನ್ನ ಮಡಿಚಿ ಕಿಸೇದಾಗ ಇಟ್ಕೋತಾರ. ಮರುದಿನ ಅಂಗಿ ಒಗಿಯೂವಾಗ ಅದೂ ನೀರಿಗೆ.”

ಸುಮಾರು ಒಂದು ಲಕ್ಷ ಬೂತುಗಳ 17ಸಿ ಪ್ರತಿಗಳನ್ನು ಅಘಾಡಿಯ ಮೂರು ಪಕ್ಷಗಳು ಒಟ್ಟುಗೂಡಿಸಿ ಸಾರ್ವಜನಿಕರ ಮುಂದೆ ಇಟ್ಟಿದ್ದರೆ, ಆಯೋಗದ ಸಿಸಿಟಿವಿಗಾಗಿ ಕಾಯಬೇಕಾಗಿರಲಿಲ್ಲ. ಅರ್ಧ ಬೂತುಗಳದಾದರೂ ಸಾಕಿತ್ತು. ಅವು ತಾಳೆಯಾಗದಿದ್ದರೆ ಕಳ್ಳ ಸಿಕ್ಕಿಬೀಳುತ್ತಿದ್ದ. ತಾಳೆಯಾದರೆ ಐದು ಗಂಟೆಯ ಅಂಕಿಯ ಮಾತನ್ನು ಅಲ್ಲಿಗೇ ಬಿಟ್ಟು, ಪಟ್ಟಿಯ ಕಡೆ ಗಮನ ಕೊಡಬಹುದಿತ್ತು. ಎರಡರಲ್ಲಿ ಯಾವುದಾದರೂ ಜನರಿಗೆ ಲಾಭವೇ. ಆದರೆ ಎರಡನೆಯದು ಪಕ್ಷಕ್ಕೆ ನಷ್ಟ, ಏಕೆಂದರೆ ಅನುಮಾನ ಬಗೆಹರಿದರೆ ಭಾಷಣ ಮುಗಿದುಹೋಗುತ್ತದೆ. ನನ್ನ ಆರೋಪ ಇದು: ಸೋತ ಪಕ್ಷಗಳು ಅನುಮಾನವನ್ನು ಬಗೆಹರಿಸಲು ಬಯಸಲಿಲ್ಲ, ಬೆಳೆಸಿಕೊಳ್ಳಲು ಬಯಸಿದವು. ‘ಸೋತೆವು’ ಎನ್ನುವುದಕ್ಕಿಂತ ‘ಕದ್ದರು’ ಎನ್ನುವುದು ಸುಲಭ. ಸೋತರೆ ಟಿಕೆಟ್ ಹಂಚಿದವರನ್ನು ಕೇಳಬೇಕಾಗುತ್ತದೆ. ಕದ್ದರೆ ಯಾರನ್ನೂ ಕೇಳಬೇಕಾಗಿಲ್ಲ.

ಒಳಗಿನವರು ಕೇಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕರ್ನಾಟಕದಲ್ಲೇ ನೋಡಿದೆವು. 2025ರ ಆಗಸ್ಟ್‌ನಲ್ಲಿ ಮಹದೇವಪುರದ ಪಟ್ಟಿಯ ಬಗ್ಗೆ ಕಾಂಗ್ರೆಸ್ ಆರೋಪ ಮಾಡಿತು. ಪಟ್ಟಿ ತಯಾರಾದಾಗ ನಮ್ಮದೇ ಸರ್ಕಾರ ಇತ್ತಲ್ಲ, ಆಗ ಯಾಕೆ ಸುಮ್ಮನಿದ್ದೆವು ಎಂದು ಸಚಿವ ಕೆ.ಎನ್. ರಾಜಣ್ಣ ಅಂದರು. ಕೆಲವೇ ದಿನಗಳಲ್ಲಿ ಅವರ ಸಚಿವ ಸ್ಥಾನ ಹೋಯಿತು. ರಾಜಣ್ಣನವರ ರಾಜಕೀಯದ ಬಗ್ಗೆ ನನಗೇನೂ ಮೋಹವಿಲ್ಲ. ಆದರೆ ಆ ಪ್ರಶ್ನೆ ತಪ್ಪೇ? ಪ್ರಶ್ನೆ ಕೇಳುವ ಹಕ್ಕಿಗಾಗಿ ಹೋರಾಡುತ್ತೇವೆ ಎನ್ನುವ ಪಕ್ಷ ಒಂದು ಪ್ರಶ್ನೆಯನ್ನು ತಾಳಿಕೊಳ್ಳಲಿಲ್ಲ.

ಅನುಮಾನವನ್ನು ಸರಿಯಾಗಿ ಮಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದಿದ್ದವು. ಬೂತ್ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮ ಸಂಬಂಧಿಕರದೇ ಹೆಸರು ಅದರಲ್ಲಿ ಕಂಡಿತು. ಅರ್ಜಿ ಹಾಕಿದವರೆನ್ನಲಾದವರನ್ನು ಕೇಳಿದರೆ, ನಾನು ಹಾಕೇ ಇಲ್ಲ ಎಂದರು. ಸುದ್ದಿ ಅಭ್ಯರ್ಥಿ ಬಿ.ಆರ್. ಪಾಟೀಲರಿಗೆ ಮುಟ್ಟಿತು, ದೂರಾಯಿತು, ಮನೆಮನೆ ಪರಿಶೀಲನೆ ನಡೆಯಿತು. ಸರಿ ಎಂದು ಕಂಡ ಅರ್ಜಿಗಳು 24. ಉಳಿದ 5,994 ಸುಳ್ಳು. ಚುನಾವಣೆಗೆ ಮೊದಲೇ ಪೊಲೀಸ್ ಪ್ರಕರಣವೂ ದಾಖಲಾಯಿತು. ಇದೇ ಸಾಲು, ಇದೇ ಹೆಸರು, ಇದೇ ಕಾರಣ. ಇದನ್ನು ಯಾರೂ ‘ಸೋತವರ ಅಳು’ ಎಂದು ತಳ್ಳಿಹಾಕಲಾರರು. ಪಾಟೀಲರು ಆ ಚುನಾವಣೆಯಲ್ಲಿ ಗೆದ್ದರು ಕೂಡ.

ಇಲ್ಲಿಗೆ ಬಂದಾಗ ನನ್ನ ಹಾಸ್ಟೆಲಿನ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಗಟ್ಟಿಯಾದದ್ದು. ‘ಕೋರ್ಟಿಗೆ ಹೋಗಿ ಎನ್ನುತ್ತೀಯಲ್ಲ, ಕೋರ್ಟು ಯಾವಾಗ ತೀರ್ಪು ಕೊಡುತ್ತದೆ?’ ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ರಾಜ್ ನಾರಾಯಣ್ 1971ರಲ್ಲಿ ಇಂದಿರಾ ಗಾಂಧಿಯವರ ಮೇಲೆ ಹಾಕಿದ ಅರ್ಜಿಗೆ ಅಲಹಾಬಾದಿನಲ್ಲಿ ತೀರ್ಪು ಬಂದದ್ದು 1975ರ ಜೂನ್ 12ರಂದು. ಅದರ ಬೆನ್ನಿಗೇ ತುರ್ತುಪರಿಸ್ಥಿತಿ ಬಂತು. ನಮ್ಮ ಮಾಲೂರಿನಲ್ಲಿ 2023ರಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು 248 ಮತಗಳಿಂದ ಗೆದ್ದರು. ಬಿಜೆಪಿಯ ಅಭ್ಯರ್ಥಿ ಹೈಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಹೇಳಿತು. ಎಣಿಕೆಯ ವಿಡಿಯೋ ದಾಖಲೆಯನ್ನು ಅಧಿಕಾರಿಗಳು ಹಾಜರುಪಡಿಸಲು ಆಗದೆ ಹೋದದ್ದು ಆ ತೀರ್ಪಿಗೆ ಮುಖ್ಯ ಕಾರಣಗಳಲ್ಲೊಂದು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಆದೇಶಕ್ಕೆ ತಡೆ ಕೊಟ್ಟು, ಎಣಿಸಿ, ಆದರೆ ಫಲಿತಾಂಶವನ್ನು ಮುಚ್ಚಿದ ಲಕೋಟೆಯಲ್ಲಿ ತನ್ನಿ ಎಂದಿತು. ಐದು ವರ್ಷದ ಅವಧಿಯಲ್ಲಿ ಅರ್ಧ ಮುಗಿಯಿತು. ನ್ಯಾಯ ಬರುವ ಹೊತ್ತಿಗೆ ಶಾಸಕರ ಪಿಂಚಣಿ ಲೆಕ್ಕ ಶುರುವಾಗಿರುತ್ತದೆ.

ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಮಾಲೂರಿನ ವಿಡಿಯೋ ಇಲ್ಲ ಎಂಬುದು ನಮಗೆ ಹೇಗೆ ಗೊತ್ತಾಯಿತು? ಯಾರೋ ಒಬ್ಬರು ಅರ್ಜಿ ಹಾಕಿದ್ದರಿಂದ. 1982ರಲ್ಲಿ ಕೇರಳದ ಪರವೂರಿನ 50 ಬೂತುಗಳಲ್ಲಿ ದೇಶದ ಮೊದಲ ಮತಯಂತ್ರಗಳನ್ನು ಇಟ್ಟರು. ಸಿಪಿಐನ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಕಾಂಗ್ರೆಸ್ಸಿನ ಎ.ಸಿ. ಜೋಸ್ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. ಯಂತ್ರ ಬಳಸಲು ಆಗ ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ ಎಂದು 1984ರಲ್ಲಿ ಕೋರ್ಟು ಹೇಳಿ, ಆ 50 ಬೂತುಗಳಲ್ಲಿ ಮತಪತ್ರದ ಮೂಲಕ ಮರುಮತದಾನ ಮಾಡಿಸಿತು. ಜೋಸ್ ಗೆದ್ದರು. ದೇಶ ಮತಯಂತ್ರಕ್ಕಾಗಿ ಕಾನೂನು ತಿದ್ದಬೇಕಾಗಿ ಬಂದದ್ದು ಆ ಒಂದು ಅರ್ಜಿಯಿಂದ. ಅರ್ಜಿ ಅಂದರೆ ಕುರ್ಚಿ ಕಿತ್ತುಕೊಳ್ಳುವ ಉಪಾಯ ಮಾತ್ರವಲ್ಲ. ಪೆಟ್ಟಿಗೆಯ ಬೀಗ ತೆಗೆಸುವ ಬೀಗದಕೈ. ಆಯೋಗದ ಸೂಚನೆಯನ್ನೇ ನೋಡಿ: ಅರ್ಜಿ ದಾಖಲಾದ ಕ್ಷೇತ್ರದ ದೃಶ್ಯ ಅಳಿಸುವಂತಿಲ್ಲ. ಸೋತ ಇನ್ನೂರು ಚಿಲ್ಲರೆ ಕ್ಷೇತ್ರಗಳಲ್ಲಿ ಇನ್ನೂರು ಚಿಲ್ಲರೆ ಅರ್ಜಿ ಬಿದ್ದಿದ್ದರೆ ಸರ್ಕಾರ ಬೀಳುತ್ತಿರಲಿಲ್ಲ, ಆದರೆ ಪುರಾವೆ ಉಳಿಯುತ್ತಿತ್ತು. ಆ ಪುರಾವೆ ಯಾರ ಪರವಾಗಿ ಇರುತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ಆಯೋಗ ಒಂದು ಕಡೆಯಿಂದ ಮುಚ್ಚಿತು, ಪಕ್ಷಗಳು ಇನ್ನೊಂದು ಕಡೆಯಿಂದ ಆ ದಾರಿಗೆ ಕಾಲೇ ಇಡಲಿಲ್ಲ.

ಇವರಿಬ್ಬರ ನಡುವೆ ನಿಂತದ್ದು ಒಂದು ಊರು. ಅದೇ ಸೋಲಾಪುರ ಜಿಲ್ಲೆ, ಮಾಳಶಿರಸ ಕ್ಷೇತ್ರದ ಮಾರಕಡವಾಡಿ. ಕ್ಷೇತ್ರದಲ್ಲಿ ಗೆದ್ದವರು ಶರದ್ ಪವಾರ್ ಪಕ್ಷದ ಉತ್ತಮ್ ಜಾನಕರ್. ಆದರೆ ನಮ್ಮ ಊರಿನಲ್ಲಿ ಬಿಜೆಪಿಗೆ ಹೆಚ್ಚು ಮತ ಬೀಳಲು ಸಾಧ್ಯವೇ ಇಲ್ಲ ಎಂದು ಜಾನಕರ್ ಪರ ಇದ್ದ ಊರವರು ಪಟ್ಟು ಹಿಡಿದರು. ತಾವೇ ಮತಪತ್ರ ಅಚ್ಚು ಹಾಕಿಸಿ, 2024ರ ಡಿಸೆಂಬರ್ 3ರಂದು ತಾವೇ ಮತದಾನ ಮಾಡಿ ನೋಡುತ್ತೇವೆ ಎಂದರು. ಗೆದ್ದ ಕ್ಷೇತ್ರದಲ್ಲೂ ಲೆಕ್ಕ ಕೇಳಿದವರು ಅವರು. ಆಡಳಿತ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ಕಳಿಸಿತು. ಮತದಾನ ನಿಂತಿತು, ಕೇಸುಗಳು ಬಿದ್ದವು.

ಆ ಅಣಕು ಮತದಾನಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ನಿಜ. ಊರಿನವರೆಲ್ಲ ನೋಡುತ್ತಿರುವಾಗ ಹಾಕುವ ಮತ ಗುಟ್ಟಿನ ಮತಕ್ಕೆ ಸಾಟಿಯೂ ಅಲ್ಲ. ಅಲ್ಲಿ ಬಿಜೆಪಿಗೆ ಹಾಕಿದ ಮನೆಯವರು ಆ ದಿನ ಎಷ್ಟು ಧೈರ್ಯವಾಗಿ ಬರುತ್ತಿದ್ದರು ಎಂಬುದೂ ಪ್ರಶ್ನೆಯೇ. ಆದರೂ ಆ ಊರನ್ನು ನಾನು ಗೌರವಿಸುತ್ತೇನೆ. ಅವರು ‘ಕದ್ದರು’ ಎಂದು ಹೇಳಿ ಮನೆಗೆ ಹೋಗಲಿಲ್ಲ. ನಮ್ಮ ಮಾತು ಸುಳ್ಳಾದರೆ ಆಗಲಿ, ನೋಡಿಯೇಬಿಡೋಣ ಎಂದರು. ಸುಳ್ಳಾಗುವ ಅಪಾಯವನ್ನು ಹೊತ್ತುಕೊಂಡ ಅನುಮಾನ ಮಾತ್ರ ಪ್ರಾಮಾಣಿಕವಾದದ್ದು. ಆಯೋಗಕ್ಕೆ ಆ ಧೈರ್ಯವಿದ್ದರೆ ಪೊಲೀಸರ ಬದಲು ಆ ಊರಿನ ಯಂತ್ರಗಳ ಜತೆಗಿನ ವಿವಿಪ್ಯಾಟ್ ಚೀಟಿಗಳನ್ನು ಊರವರ ಎದುರು ಎಣಿಸಲು ದಾರಿ ಹುಡುಕಬಹುದಿತ್ತು. ಪ್ರತಿ ಕ್ಷೇತ್ರಕ್ಕೆ ಐದರಂತೆ 1,440 ವಿವಿಪ್ಯಾಟ್‌ಗಳನ್ನು ತಾಳೆ ನೋಡಿದ್ದೇವೆ, ಒಂದರಲ್ಲೂ ವ್ಯತ್ಯಾಸವಿಲ್ಲ ಎನ್ನುವವರಿಗೆ ಇನ್ನೊಂದು ಊರಿನ ಚೀಟಿ ಎಣಿಸಲು ಭಯವೇಕೆ?

ಹಾಗಾದರೆ ಏನು ಮಾಡಬೇಕು? ಆಯೋಗ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕಬಹುದಾದ ರೂಪದಲ್ಲಿ ಕೊಡಲಿ, ಪ್ರತಿ ಬೂತಿನ 17ಸಿಯನ್ನು ಅದೇ ರಾತ್ರಿ ಪ್ರಕಟಿಸಲಿ, 93ನೇ ನಿಯಮದ ತಿದ್ದುಪಡಿ ಹೋಗಲಿ. ಪಕ್ಷಗಳು ತಮ್ಮ ಕಾರ್ಯಕರ್ತರಿಗೆ ನಿಜ ಹೇಳಲಿ: ಈ ಸರ್ಕಾರವನ್ನು ನಾವು ಕೋರ್ಟಿನಿಂದ ಬೀಳಿಸಲಾರೆವು, ಆದರೆ ಮುಂದಿನ ಸಲ ಪಟ್ಟಿ ಪರಿಷ್ಕರಣೆಯ ದಿನದಿಂದ ಎಣಿಕೆಯ ದಿನದವರೆಗೆ ಪ್ರತಿ ಕಾಗದವನ್ನೂ ಇಟ್ಟುಕೊಳ್ಳುತ್ತೇವೆ. ಈ ಮಾತಿಗೆ ಚಪ್ಪಾಳೆ ಬೀಳುವುದಿಲ್ಲ, ಗೊತ್ತು. ‘ಕದ್ದರು’ ಎಂದು ಪದೇಪದೇ ಕೇಳಿದ ಜನ ಬೀದಿಗಿಳಿಯುತ್ತಾರೆ ಎಂದು ನಾಯಕರು ಭಾವಿಸಿರಬಹುದು. ನನಗೆ ಕಂಡದ್ದು ಬೇರೆ. ನನ್ನ ಗೆಳೆಯನ ಅವ್ವ ಬೀದಿಗಿಳಿಯುವ ಬಗ್ಗೆ ಕೇಳಲಿಲ್ಲ, ಮತ ಹಾಕುವುದನ್ನು ಬಿಡಬೇಕೇ ಎಂದು ಕೇಳಿದಳು.

ಅವನಿಗೆ ಆ ದಿನ ಕೊಡಲಾಗದ ಉತ್ತರವನ್ನು ಮೊನ್ನೆ ಕೊಟ್ಟೆ. ಅವ್ವಗ ಹೇಳು, ಹಾಕಬೇಕು. ನೀನು ಮಾತ್ರ ಹಾಕಿ ಬಸ್ ಹತ್ತಬೇಡ. ಮುಂದಿನ ಚುನಾವಣೆಯಲ್ಲಿ ನಿಮ್ಮ ಬೂತಿನಲ್ಲಿ ಯಾವುದಾದರೂ ಅಭ್ಯರ್ಥಿಯ ಏಜೆಂಟನಾಗಿ ಕೂತು 17ಸಿ ಪ್ರತಿ ತೆಗೆದುಕೊಂಡು ಬಾ. ನಾನು ನಮ್ಮೂರ ಬೂತಿನಲ್ಲಿ ಕೂತು ತರುತ್ತೇನೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಎರಡ ಬೂತಿಂದ ಏನಾಗ್ತೈತಿ?” ಎಂದ. ಎರಡು ಬೂತಿನ ಲೆಕ್ಕ ಗೊತ್ತಾಗ್ತೈತಿ ಎಂದೆ. ಹದಿನೈದು ಗುಂಪುಗಳಿಗೆ ನಾನು ಕಳಿಸಿದ್ದ ಆ ಲೆಕ್ಕಕ್ಕೂ ಅದರ ವಿವರಣೆಯನ್ನು ಅದೇ ರಾತ್ರಿ ಕಳಿಸಿದೆ, ತಡವಾಗಿದ್ದಕ್ಕೆ ಕ್ಷಮೆ ಕೇಳಿ. ಮೂರು ಗುಂಪುಗಳಿಂದ ನನ್ನನ್ನು ತೆಗೆದರು.